ಚೆನ್ನಮ್ಮ ಆಗತಾನೇ ಕಟ್ಟಿದ ಸಾಲು

ಹಾಡು ಕೇಳಿ ಕಣ್ಣೀರು ಬಂತೆಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಆಗಷ್ಟೇ ಅರಕಲಗೂಡಿಗೆ ಮರಳಿದ್ದೆ. ದನಿಯೆಂದರೆ ಗಾಳಿಯ ಕಂಪನ, ಕಣ್ಣೀರೆಂದರೆ ಗ್ರಂಥಿಯ ಸ್ರಾವ, ನಡುವೆ ಇರುವುದು ನರಗಳು ಮಾತ್ರ ಎಂಬುದು ನನ್ನ ತಿಳಿವಳಿಕೆ. ಏಳು ವರ್ಷದ ಹಿಂದೆ, ಐವತ್ತರ ದಶಕದ ಕೊನೆಯಲ್ಲಿ, ನಮ್ಮ ಮನೆಯಲ್ಲಿ ನಡೆದದ್ದನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ಮನೆಯ ಸಂಗತಿ ಎಂಬ ಸಂಕೋಚ ಒಂದು, ಯಾರು ನಂಬುತ್ತಾರೆ ಎಂಬ ಅಳುಕು ಇನ್ನೊಂದು.

ಅಕ್ಕ ಹೊಳೆನರಸೀಪುರದಿಂದ ಹೆರಿಗೆಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿ ಒಂಬತ್ತು ದಿನವಾಗಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮಾತಾಡಲಿಲ್ಲ, ಮಗುವನ್ನು ಮುಟ್ಟಲಿಲ್ಲ. ಎದೆಯಲ್ಲಿ ಹಾಲೂ ಇರಲಿಲ್ಲ. ಹಸುವಿನ ಹಾಲು ಕುಡಿಸಿದರೆ ಮಗು ಕಕ್ಕಿಬಿಡುತ್ತಿತ್ತು. ಹಾಸನದಿಂದ ಬಂದ ಡಾಕ್ಟರು ಅಕ್ಕನ ನಾಡಿ ಎಣಿಸಿ ಬರೆದಿಡಲು ನನಗೆ ಹೇಳಿ, "ಇನ್ನೆರಡು ದಿನ ನೋಡೋಣ" ಎಂದರು.

ಆ ವಾರ ಊರಿನ ಹಿಟ್ಟಿನ ಗಿರಣಿ ಕೆಟ್ಟಿತ್ತು. ಮನೆಗೆಲಸದ ಚೆನ್ನಮ್ಮ ಮೂಲೆ ಸೇರಿದ್ದ ರಾಗಿಕಲ್ಲನ್ನು ನಡುಮನೆಗೆ ಎಳೆದು, ಬೆಳಗಿನ ಜಾವ ಬೀಸಲು ಕೂತಳು. ಅಕ್ಕನಿಗೆ ತೊಂದರೆ, ಹಾಡಬೇಡ ಎಂದೆ.

"ಪದ ಇಲ್ದೆ ಕಲ್ಲು ತಿರುಗಾಕಿಲ್ಲ ಕಣವ್ವ. ನೀವು ಓದಿರೋರು, ಮುದ್ದೆ ಇಲ್ದೆ ಇರ್ತೀರಿ. ನಿಮ್ಮಪ್ಪೋರು ಇರ್ತಾರಾ?" ಎಂದಳು.

ನಾನು ಕೋಣೆಗೆ ಹೋಗಿ, ಅಳುತ್ತಿದ್ದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಕ್ಕನ ನಾಡಿ ಹಿಡಿದೆ. ಗೋಡೆಯಾಚೆ ಚೆನ್ನಮ್ಮ ಶುರುಮಾಡಿದಳು:

ಗೋಡೆ ನೋಡೋ ತಾಯಿ, ಗೋಡೇಲಿ ಏನೈತೆ?

ಅದನ್ನೇ ಎರಡು ಸಲ ಹಾಡಿದಳು. ಎರಡನೆಯ ಸಾಲು ಬಂದಾಗ ಕೇಳಿಸಿದ್ದು ಎರಡು ದನಿ. ಒಂದು ನಡುಮನೆಯದು, ಇನ್ನೊಂದು ಅಕ್ಕನದು. ಒಂದಕ್ಷರವೂ ಹಿಂದೆಮುಂದಾಗಲಿಲ್ಲ:

ಈಚೆ ತಿರುಗವ್ವ, ನಿನ್ನ ಬೆಳಕು ಅಳತೈತೆ.

ನನಗೆ ಎಣಿಕೆ ತಪ್ಪಿತು. ಅಕ್ಕ ಹೊರಳಿ ಕೈ ಚಾಚಿದಳು. ಅವಳ ರವಿಕೆ ಒದ್ದೆಯಾಗುತ್ತಿತ್ತು. "ಕೊಡೇ ಇಲ್ಲಿ, ನಿನಗೆ ಮಗು ಎತ್ಕೊಳ್ಳೋಕೂ ಬರಲ್ಲ" ಎಂದು ಬೈದಳು. ಮಗು ಗುಟುಕು ಗುಟುಕಾಗಿ ಕುಡಿಯಿತು. ಆ ಸದ್ದಿಗೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಗಟ್ಟಿಯಾಗಿ ನಕ್ಕಳು. ಅಪ್ಪ ಏನಾಯಿತೋ ಎಂದು ಹಿತ್ತಲಿನಿಂದ ಓಡಿಬಂದರು. ಅಂದು ನಮ್ಮ ಮನೆಯಲ್ಲಿ ಹಬ್ಬ.

ಚೆನ್ನಮ್ಮ ಮಾತ್ರ ಬೆಪ್ಪಾಗಿ ನಿಂತಿದ್ದಳು. "ಆ ಸಾಲು ನಾನು ಈಗ್ಲೇ ಕಟ್ಟಿದ್ದು ಕಣವ್ವ. ಬಾಯಿಗ್ ಬರೋಗಂಟ ನಂಗೇ ಗೊತ್ತಿರ್ಲಿಲ್ಲ. ನಿಮ್ಮಕ್ಕಂಗೆ ಎಂಗ್ ಗೊತ್ತಾಯ್ತು?"

ಅಕ್ಕನನ್ನು ಕೇಳಿದರೆ, "ನಾನು ಹಾಡಿದೆನಾ?" ಎಂದಳು.

ನನ್ನ ಅಧ್ಯಾಪಕರೊಬ್ಬರಿಗೆ ಇದನ್ನು ಹೇಳಿದ್ದೆ. ಹಾಡು ಕೇಳಿ ಹಾಲು ಇಳಿಯುವುದಕ್ಕೆ ಅವರು ಕಾರಣ ಕೊಟ್ಟರು, ನಾನು ಒಪ್ಪಿದೆ. ಆ ಸಾಲಿನ ಬಗ್ಗೆ ಕೇಳಿದಾಗ ಕನ್ನಡಕ ಒರೆಸತೊಡಗಿದರು. ನನಗೂ ಇಂದಿನವರೆಗೆ ಉತ್ತರ ಸಿಕ್ಕಿಲ್ಲ. ಸಿಕ್ಕಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ. ಆ ಮಗುವಿಗೆ ಈಗ ಏಳು ವರ್ಷ. ರಜೆಗೆ ಬಂದಿದ್ದಾಳೆ. ಇದನ್ನು ಬರೆಯುತ್ತಿರುವಾಗಲೇ ನನ್ನ ಸೆರಗು ಎಳೆಯುತ್ತಾ, "ಚಿಕ್ಕಮ್ಮಾ, ಇನ್ನೂ ಎಷ್ಟು ಹೊತ್ತು ಬರೀತೀಯ? ನಂಗೆ ಹಸಿವು" ಎನ್ನುತ್ತಿದ್ದಾಳೆ.