ಕಮರದ ಮರಕ್ಕೆ ಕಟ್ಟಿದ ಉಣ್ಣೆದಾರ

ಕಾಡನ್ನು ಕುರಿಗಳು ತಿಂದವಂತೆ. ರಾಯಚೂರಿನ ಯಾವ ಹೋಟೆಲಿನಲ್ಲಿ ಕೂತರೂ ಚಹಾದ ಜೊತೆ ಈ ಮಾತು ಪುಕ್ಕಟೆ ಸಿಗುತ್ತದೆ. ಹೇಳುವವರಲ್ಲಿ ಎಷ್ಟು ಜನ ಕಾಡಿಗೆ ಹೋಗಿದ್ದಾರೆ?

ನಾನೂ ಹೋಗಿರಲಿಲ್ಲ. ಆದರೂ ಕಾಲೇಜಿನ ಡಿಬೇಟಿನಲ್ಲಿ ಇದೇ ವಾದ ಹೂಡಿ ಕಪ್ ಗೆದ್ದವನು. (ಆ ಕಪ್ ಮನೆಯ ಕಪಾಟಿನ ಮೇಲಿದೆ. ಈಗ ಅದನ್ನು ನೋಡಲು ನಾಚಿಕೆ.)

ಹೋದ ವಾರ ದೇವದುರ್ಗದ ಆಚೆಗಿನ ಒಂದು ಊರಿಗೆ ಸಹಪಾಠಿಯೊಬ್ಬ ಕರೆಸಿಕೊಂಡ. ಊರ ಹಿಂದಿನ ಗುಡ್ಡ ಸರ್ಕಾರಿ ಕಾಡು. ಅಲ್ಲಿನ ಲಾರಿ ದಾರಿಯನ್ನು ಅಗಲ ಮಾಡಿ, ಗುಡ್ಡದ ಆ ತುದಿಯವರೆಗೆ ಒಯ್ದು, ಇನ್ನಷ್ಟು ಮರ ಕಡಿಯಬೇಕಂತೆ. ಊರವರ ತಕರಾರಿಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಅರಣ್ಯದ ಸಾಹೇಬರು ಜೀಪಿನಲ್ಲಿ ಬಂದಿದ್ದರು. ಅದನ್ನು ಓದಿ ಹೇಳುವುದು ನನ್ನ ಕೆಲಸ.

ಓದಿದೆ. ಕಡಿಯುವ ಮರಗಳ ಪಟ್ಟಿಯ ಮೇಲೆ ಹೀಗಿತ್ತು: ‘ಊರವರ ಬಳಕೆಯಲ್ಲಿಲ್ಲದ ಮರಗಳು.’

ಕುರಿ ಕಾಯುವ ಮಾಳಮ್ಮ ಎದ್ದು ನಿಂತಳು. “ಬಳಕಿ ಇಲ್ಲಂತ ಯಾರ್ ಹೇಳ್ಯಾರ್ರೀ?”

“ನೀನೇ ಅಲ್ಲೇನಬೇ?” ಎಂದ ಸಾಹೇಬರ ಜೊತೆ ಬಂದಿದ್ದ ಗಾರ್ಡ್. “ಯಾವ ಗಿಡಕ್ಕ ನೀವು ಕೈ ಹಚ್ಚಂಗಿಲ್ಲ ಅಂತ ಕೇಳಿದ್ದಕ್ಕ, ದಾರ ಕಟ್ಟಿದ್ದೆಲ್ಲ ತೋರಿಸಿದಿ.”

ಮಾಳಮ್ಮ ಹಣೆ ಬಡಿದುಕೊಂಡಳು.

ಸಂಗತಿ ಇಷ್ಟು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಇವರ ಕುರಿಗಳಿಗೆ ಕಮರದ ಸೊಪ್ಪೇ ಗತಿ. ಸುಳಿ ಬಿಟ್ಟು ಕೊಂಬೆಗಳನ್ನಷ್ಟೇ ಸವರುತ್ತಾರೆ. ಸವರಿದ ಮರಕ್ಕೆ ಕರಿ ಉಣ್ಣೆಯ ದಾರ ಕಟ್ಟುತ್ತಾರೆ. ಬಿಸಿಲು ಮಳೆಗೆ ಆ ದಾರ ತಾನಾಗಿ ಹರಿದು ಬೀಳುವವರೆಗೆ ಯಾರೂ ಮರ ಮುಟ್ಟುವಂತಿಲ್ಲ. ಅದು ಮರಕ್ಕೆ ಕೊಟ್ಟ ರಜೆ. ರಜೆಯ ಮೇಲೆ ಹೋದವನನ್ನು ನೌಕರಿಯಿಂದ ತೆಗೆಯುತ್ತಾರೆಯೇ?

ಇದನ್ನೇ ಕೇಳಿದೆ. ಸಾಹೇಬರು ಗರಂ ಆದರು. (ಎಮರ್ಜೆನ್ಸಿ ಹೋಗಿ ವರ್ಷಗಳಾದವು. ಪ್ರಶ್ನೆ ಕೇಳಿದರೆ ಕಣ್ಣು ಕೆಂಪಾಗುವುದು ಮಾತ್ರ ಹೋಗಿಲ್ಲ.)

“ಇಲ್ಲಿ ಡಿಬೇಟ್ ಬ್ಯಾಡ್ರೀ. ಕಾಡು ಹಾಳಾಗಿದ್ದೇ ಇವರ ಕುರಿಯಿಂದ. ರೋಡ್ ಬಂದ್ರ ಊರು ಉದ್ಧಾರ ಆಗ್ತದ.”

ಅಕ್ಷರಶಃ ನನ್ನದೇ ಭಾಷಣ! ಹಿಂದಿನಿಂದ ಒಬ್ಬ ಮುದುಕ ಕೂಗಿದ: “ರೋಡು ಗುಡ್ಡಕ್ಕ ಹೊಂಟದಲ್ರೀ ಯಪ್ಪಾ, ಊರಿಗೆ ಯಾವಾಗ ಬರ್ತದ?” ಎಲ್ಲರೂ ನಕ್ಕರು. ಇಷ್ಟು ಸರಳ ಪ್ರಶ್ನೆ ಅಂದಿನ ಡಿಬೇಟಿನ ತೀರ್ಪುಗಾರರಿಗೆ ಏಕೆ ಹೊಳೆಯಲಿಲ್ಲ?

ಮಾಳಮ್ಮ ಇಂಕ್ ಪ್ಯಾಡನ್ನು ಅತ್ತ ತಳ್ಳಿದಳು. “ಬರ್ರಿ, ತೋರಿಸ್ತೀನಿ.”

ಇಡೀ ಊರು ಗುಡ್ಡ ಹತ್ತಿತು. ಸಾಹೇಬರೂ ಬಂದರು. ಬರದೆ ಮಾಡುವುದೇನು? ದಾರ ಕಟ್ಟಿದ ಮರಗಳ ತುಂಬ ಎಳೆ ಚಿಗುರು. ಲಾರಿ ದಾರಿಯ ಪಕ್ಕ? ಮರಗಳನ್ನು ಬೇರುಸಹಿತ ಕಿತ್ತ ಕುಳಿಗಳು.

ಆಗ ಹೆಂಗಸರು ಉಣ್ಣೆಯ ಉಂಡೆ ಬಿಚ್ಚಿದರು. ಪಟ್ಟಿಯಲ್ಲಿದ್ದದ್ದು, ಇಲ್ಲದ್ದು ಎನ್ನದೆ ಕಂಡ ಕಂಡ ಮರಕ್ಕೆಲ್ಲ ದಾರ ಕಟ್ಟತೊಡಗಿದರು.

“ಯವ್ವಾ, ಹಿಂಗ ಕಟ್ಟಿದ್ರ ನಿಮ್ಮ ಕುರಿಗೂ ಸೊಪ್ಪಿಲ್ಲ,” ಎಂದೆ ಮಾಳಮ್ಮನಿಗೆ.

“ಗೊತ್ತದೋ ತಮ್ಮಾ. ಈ ಬ್ಯಾಸಗಿ ಮಾನ್ವಿ ಕಡಿ ಹೊಡಕೊಂಡು ಹೋಗ್ತೀವಿ. ನಾವು ಕೈ ಹಚ್ಚಂಗಿಲ್ಲ, ಇವರಿಗೂ ಹಚ್ಚಗೊಡಂಗಿಲ್ಲ.”

ನಾನೂ ಒಂದು ದಾರ ಕಟ್ಟಿದೆ. (ಗಂಟು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿಸಿದರು.)

ಹೆಬ್ಬೆಟ್ಟಿಲ್ಲದ ಕಾಗದ ಮಡಚಿಕೊಂಡು ಸಾಹೇಬರು ಜೀಪು ಹತ್ತಿದರು. ಮಾಳಮ್ಮ ಎದುರಿಗೆ ಬಂದು ನಿಂತಳು.

“ನಮ್ಮ ಕುರಿ ತಿಂದ ಗಿಡದಾಗ ಚಿಗುರು ತೋರಿಸೀನ್ರೀ ಸಾಹೇಬ್ರ. ನಿಮ್ಮ ಲಾರಿ ತಿಂದ ಗಿಡದಾಗ ಒಂದೇ ಒಂದು ಚಿಗುರು ತೋರಿಸ್ತೀರೇನು?”