ಮಹಡಿಯ ಮೇಲೆ ಹನ್ನೊಂದು ತಿಂಗಳು

ಹೆರಿಗೆಯಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಕಂಡಿತು. ಆಗ ನನಗೆ ಹತ್ತೊಂಬತ್ತು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು ಎರಡು ವರ್ಷವಾಗಿತ್ತು. ಗಂಡ ಲಷ್ಕರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಪೇಟೆಯಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ನಮ್ಮ ಬಿಡಾರ: ಕೆಳಗೆ ಅಡಿಗೆಮನೆ ಮತ್ತು ನಡುಮನೆ, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಬಸುರಿಯಾಗಿದ್ದಾಗಲೇ ಆ ಮೆಟ್ಟಿಲು ನನಗೆ ಏದುಸಿರು ತರುತ್ತಿತ್ತು. ಬಸುರಿಗೆ ಅದು ಸಹಜವೆಂದು ಎಲ್ಲರೂ ಅಂದುಕೊಂಡಿದ್ದೆವು.

ವೈದ್ಯರು ಬಂದು ಸೆರಗಿನ ಕಲೆ ನೋಡಿದರು, ನಾಡಿ ಹಿಡಿದರು. ನನಗೇನೂ ಹೇಳದೆ ಹೊರಗೆ ಹೋಗಿ ಅತ್ತೆಯೊಡನೆ ಮಾತಾಡಿದರು. ಕ್ಷಯ ಎಂಬ ಮಾತು ನನ್ನ ಕಿವಿಗೆ ಬಿತ್ತು. ಅಂದೇ ನನ್ನ ಹಾಸಿಗೆ ಮಹಡಿಗೆ ಹೋಯಿತು. ಅತ್ತೆ ಮಗಳನ್ನು ನನ್ನ ಮಡಿಲಿನಿಂದ ಎತ್ತಿಕೊಂಡರು.

"ಕೂಸಿನ ಸಲುವಾಗಿ ಮಾಡೂದವಾ ಇದು. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ," ಅಂದರು. ಅವರ ಕಣ್ಣಲ್ಲೂ ನೀರಿತ್ತು.

ಮೂರನೆಯ ವಾರ, ಮಗು ಅಳುವುದು ಕೇಳಿ ತಡೆಯಲಾರದೆ ಎದ್ದು ಕೆಳಗಿಳಿದೆ. ಎದೆಯಲ್ಲಿ ಹಾಲು ಬಿಗಿದಿತ್ತು. ಅರ್ಧ ಮೆಟ್ಟಿಲಿಗೆ ಉಸಿರು ಕಟ್ಟಿ ಕುಸಿದೆ. ಗಂಡ ಎತ್ತಿಕೊಂಡು ಮೇಲೆ ತಂದು ಮಲಗಿಸಿದರು. ಹೋಗುವಾಗ ಹೊರಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಆಮೇಲೆ ಅದು ಊಟ ತಂದಿಡಲಷ್ಟೇ ತೆರೆಯುತ್ತಿತ್ತು.

ಅಂಗಾತ ಮಲಗಿದರೆ ನೀರಲ್ಲಿ ಮುಳುಗಿದಂತಾಗುತ್ತಿತ್ತು. ಗೋಡೆಗೆ ಒರಗಿ ಕೂತೇ ಹಗಲು ಕಳೆಯುತ್ತಿದ್ದೆ, ಕೂತೇ ನಿದ್ದೆ ಮಾಡುತ್ತಿದ್ದೆ. ಮಗಳು ಬೆಳೆದದ್ದೆಲ್ಲ ನನಗೆ ಕೇಳಿಸಿದ್ದು ಮಾತ್ರ. ಒಂದು ಸಂಜೆ ಕೆಳಗೆ ಚಪ್ಪಾಳೆ. "ನಿಂತ್ಲು ನೋಡು, ನಿಂತ್ಲು!" ಅತ್ತೆಯ ದನಿ. ನಾನು ನೆಲಕ್ಕೆ ಕಿವಿ ಹಚ್ಚಿದೆ. ಮಗು ಬಿದ್ದದ್ದೂ ಕೇಳಿಸಿತು.

ಹನ್ನೊಂದನೆಯ ತಿಂಗಳು ವಾಡೆಯ ಇನ್ನೊಂದು ಬಿಡಾರದಲ್ಲಿ ಹೆರಿಗೆಗೆಂದು ಹೆಣ್ಣು ಡಾಕ್ಟರೊಬ್ಬರು ಬಂದರು. ಕೆಲಸ ಮುಗಿಸಿ ಅಂಗಳದಲ್ಲಿ ಕೈ ತೊಳೆಯುತ್ತ ತಮ್ಮ ದಾದಿಗೆ, "ನೀರು ಇನ್ನೊಂದೀಟು ಹಾಕು," ಅಂದರು. ಸುತ್ತೆಲ್ಲ ಮರಾಠಿಯೇ ಇದ್ದ ಆ ವಾಡೆಯಲ್ಲಿ ಕನ್ನಡ! ಕಿಟಕಿಯ ಸರಳು ಹಿಡಿದು ಕೂಗಿದೆ. ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

"ಡಾಕ್ಟರ್ ಬಾಯಿಯವರ... ಇಲ್ಲೆ... ನಾನೂ ಒಬ್ಬಾಕಿ ಇದೀನ್ರೀ..."

ಅವರು ತಲೆಯೆತ್ತಿ ನೋಡಿದರು. ಅತ್ತೆ ಬೇಡವೆನ್ನುವಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಎಡ ಎದೆಯ ಕೆಳಗೆ ಇಟ್ಟು ಬಹಳ ಹೊತ್ತು ಆಲಿಸಿದರು.

"ಸಣ್ಣಾಕಿದ್ದಾಗ ಕೀಲು ಬಾತು ಜ್ವರಾ ಬಂದಿತ್ತೇನು?"

ಬಂದಿತ್ತು. ಒಂಬತ್ತನೆಯ ವರ್ಷ, ಎರಡು ತಿಂಗಳು ನಡೆಯಲಾಗಿರಲಿಲ್ಲ.

"ಇದು ಕ್ಷಯ ಅಲ್ಲ," ಅಂದರು. "ಹೃದಯದ ಬಲಗಡಿಂದ ರಕ್ತ ಪುಪ್ಪುಸಕ್ಕ ಹೋಗ್ತದ, ಅಲ್ಲೆ ಗಾಳಿ ತಗೊಂಡು ಎಡಗಡೆ ಬರ್ತದ, ಅಲ್ಲಿಂದ ಮೈಗೆಲ್ಲಾ. ಆ ಜ್ವರದಾಗ ನಿನ್ನ ಹೃದಯದೊಳಗಿನ ಎಡಗಡೆ ಬಾಗಲಾ ಕುಗ್ಗೇದ. ರಕ್ತ ಮುಂದ ಹೋಗ್ಲಿಕ್ಕೆ ದಾರಿ ಸಾಲದು, ತಿರುಗಿ ಪುಪ್ಪುಸದಾಗ ತುಂಬ್ತದ. ಅದಕ್ಕ ದಮ್ಮು, ಅದಕ್ಕ ಕೆಮ್ಮಿನಾಗ ರಕ್ತ. ಬಸುರಾದಾಗ ರಕ್ತ ಹೆಚ್ಚಾತು, ರೋಗ ಹೊರಗ ಬಿತ್ತು."

"ಬಾಗಲಾ ದೊಡ್ಡದು ಮಾಡ್ಲಿಕ್ಕೆ ಬರ್ತದೇನ್ರಿ?"

"ಇಲ್ಲವಾ. ಆದ್ರ ಇದು ಯಾರಿಗೂ ಹತ್ತೂದಿಲ್ಲ. ಕೂಸಿಗೂ ಹತ್ತೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೆಳಗೆ ಹೋಗಿ ಮಗಳನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಮಗು ನನ್ನ ಮುಖ ನೋಡಿ ಚೀರಿತು, ಅತ್ತೆಯ ಕಡೆಗೆ ಎರಡೂ ಕೈ ಚಾಚಿತು.

ಕಹಿ ಹನಿಗಳ ಔಷಧ ಬಂತು, ಊಟದಿಂದ ಉಪ್ಪು ಹೋಯಿತು. ಇನ್ನು ಹೆರಿಗೆ ಬೇಡ, ಮೆಟ್ಟಿಲು ಬೇಡವೆಂದರು ಡಾಕ್ಟರು. ಕೆಳಗಿದ್ದರೆ ಒಲೆಯ ಹೊಗೆಗೆ ದಮ್ಮು ಹೆಚ್ಚುತ್ತಿತ್ತು. ಹೀಗಾಗಿ ಚಿಲಕ ತೆಗೆದರೂ ನಾನು ಆ ಕೋಣೆಯಲ್ಲೇ ಉಳಿದೆ. ಮಗಳು ಅತ್ತೆಯನ್ನು ಅವ್ವ ಎನ್ನುತ್ತಿದ್ದಳು. ನನ್ನನ್ನು "ಮ್ಯಾಲಿನಾಕಿ" ಎನ್ನುತ್ತಿದ್ದಳು. ತಿದ್ದಲು ನಾನು ಹೋಗಲಿಲ್ಲ.

ನಾಲ್ಕು ವರ್ಷದ ನಂತರ ಬೇರೆ ಓಣಿಯಲ್ಲಿ ಮೆಟ್ಟಿಲಿಲ್ಲದ ಮನೆ ಸಿಕ್ಕಿತು. ಮೊದಲ ಸಂಜೆ ಮಗಳ ಕೈಹಿಡಿದು ಓಣಿಯ ತಿರುವಿನವರೆಗೆ ನಡೆದೆ. ಅಲ್ಲಿಗೇ ಏದುಸಿರು ಹತ್ತಿತು.

"ಮನಿಗೆ ಹೋಗೂಣೇನು?" ಎಂದಳು.

"ಇನ್ನೊಂದೀಟು ನಿಲ್ಲೂಣು," ಅಂದೆ.