ವಿಭೂತಿಯ ಕೆಳಗಿನ ನಾಳ

ದಾವಣಗೆರೆಯಲ್ಲಿ ನಾನು ಮೆಡಿಕಲ್ ಹುಡುಗರಿಗೆ ಅನಾಟಮಿ ಪಾಠ ಮಾಡುವವಳು. ಕಣ್ಣುಗೂಡಿಗೆ ರಕ್ತ ಒಯ್ಯುವ ಆಫ್ತಾಲ್ಮಿಕ್ ಆರ್ಟರಿ ನನಗೆ ಬಾಯಿಪಾಠ. ತಲೆಬುರುಡೆಯೊಳಗೆ ದೊಡ್ಡ ನಾಳದಿಂದ ಕವಲೊಡೆದು, ಕಣ್ಣಿನ ನರದ ಜೊತೆ ಒಂದೇ ಕಿಂಡಿಯಲ್ಲಿ ಗೂಡಿಗೆ ನುಗ್ಗುತ್ತದೆ. ನೂಲೆಳೆಯಂಥ ಒಂದು ಕವಲು ನರದೊಳಗೇ ಹೊಕ್ಕು ರೆಟಿನಾಕ್ಕೆ ರಕ್ತ ಕೊಡುತ್ತದೆ. ಅದು ಕಟ್ಟಿದರೆ ಬದಲಿ ದಾರಿಯಿಲ್ಲ. ಕೊನೆಯ ಕವಲುಗಳು ಹುಬ್ಬು ದಾಟಿ ಹಣೆಗೆ ಹತ್ತುತ್ತವೆ. ವಿಭೂತಿ ಹಚ್ಚುವ ಜಾಗ ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಆ ದಿನ ನಾನು ಹರಿಹರದ ತವರಲ್ಲಿದ್ದೆ. ಕಾಳಿನ ವ್ಯಾಪಾರ ಅಣ್ಣನಿಗೆ ಬಿಟ್ಟ ಮೇಲೆ ಅಪ್ಪ ಲಿಂಗಪೂಜೆಯ ಹೊತ್ತು ಹೆಚ್ಚಿಸಿದ್ದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರುವುದು. ಅಷ್ಟು ಹೊತ್ತೂ ಮಾತಿಲ್ಲ. ಮನೆಗೆ ಬೆಂಕಿ ಬಿದ್ದರೂ ಸನ್ನೆಯಲ್ಲೇ ಹೇಳಬೇಕು ಅಂತ ಅತ್ತಿಗೆ ತಮಾಷೆ ಮಾಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದೆ.

ಅಪ್ಪ ಎಂದಿಗಿಂತ ತಡವಾಗಿ ಎದ್ದು ಬಂದರು. ಮುಖ ಅರಳಿತ್ತು. ಪ್ರಸಾದಕ್ಕೆ ಕೂತು ಇನ್ನೊಂದು ರೊಟ್ಟಿ ಕೇಳಿದರು, ಉಂಡು ಮಲಗಿದರು. ಸಂಜೆ ಚಹಾದ ಲೋಟಕ್ಕೆ ಕೈ ಚಾಚಿ ಬರೀ ಗಾಳಿ ಹಿಡಿದಾಗ ನನಗೆ ದಿಗಿಲಾಯಿತು. ಎಡಗಣ್ಣು ಮುಚ್ಚಿಸಿ ಬೆರಳು ತೋರಿಸಿದೆ. ಬಲಗಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ಯಾವಾಗಿಂದ ಅಪ್ಪಾಜಿ?"

"ಮುಂಜಾನೆ ಪೂಜಿಗೆ ಕುಂತಾಗ. ನೋವಿಲ್ಲ, ಉರಿಯಿಲ್ಲ. ದೃಷ್ಟಿ ಲಿಂಗದಾಗ ನಿಂತ್ರೆ ಲೋಕ ಮರೆಯಾಗ್ತೈತೆ ಅಂತ ಮಠದ ಸ್ವಾಮೇರು ಹೇಳಿದ್ರು. ಅರ್ಧ ಲೋಕ ಹೋತು. ಇನ್ನರ್ಧನೂ ಹೋಗ್ಲಿ ಅಂತ ಕುಂತೆ."

ದಾವಣಗೆರೆಗೆ ಕರೆತಂದೆ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿದರು. ಆ ನೂಲೆಳೆ ಕವಲೇ ಕಟ್ಟಿಕೊಂಡಿತ್ತು. ಆಗಿಂದಾಗಲೇ ಬಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು, ಈಗ ಇನ್ನೊಂದು ಕಣ್ಣು ಕಾಪಾಡೋಣ ಅಂದರು. ದೀಪದ ಬುಡದಲ್ಲಿ ಕತ್ತಲು ಅನ್ನುವ ಗಾದೆ ನಮ್ಮ ಮನೆಗೇ ಬರಬೇಕಿತ್ತೇ? ಯಾರ ಮೇಲೆ ಸಿಟ್ಟು ಮಾಡಲಿ? ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಮರುದಿನ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯಲ್ಲಿ ಅಪ್ಪ ಸ್ನಾನ ಮುಗಿಸಿ ಬಂದರು. ಒಂದೇ ಕಣ್ಣಿನ ಅಂದಾಜಿನಲ್ಲಿ ವಿಭೂತಿ ಓರೆಯಾಗಿತ್ತು. ಒರೆಸಿ ನಾನೇ ಹಚ್ಚತೊಡಗಿದೆ. ಬಲಹುಬ್ಬಿನ ಮೇಲೆ ನಾಳ ಎಂದಿನಂತೆ ಮಿಡಿಯುತ್ತಿತ್ತು. ಹಚ್ಚುತ್ತಲೇ ಎಲ್ಲ ಬಿಡಿಸಿ ಹೇಳಿದೆ: ಯಾವ ಕವಲು, ಹೇಗೆ ಕಟ್ಟಿತು, ಕತ್ತಲೆ ಯಾಕೆ ಬಂತು. ಅಪ್ಪ ಕಾಣುವ ಕಣ್ಣನ್ನು ನನ್ನತ್ತ ತಿರುಗಿಸಿದರು.

"ಹಂಗಾದ್ರೆ ಯವ್ವಾ, ನಿನ್ನೆ ಬಂದೋನು ಶಿವ ಅಲ್ಲೇನು?"

ಮೂರನೆಯ ಗೆರೆ ಎಳೆದು, ಪೂಜೆಗೆ ಹೊತ್ತಾಯಿತು ಅಂದೆ. ಅಪ್ಪ ಕೊರಳ ಕರಡಿಗೆಯಿಂದ ಲಿಂಗ ತೆಗೆಯಲಿಲ್ಲ.